ಆಕಾಶದಿಂದ ಬಿದ್ದ ದೀಪ: ‘ದಿ ಟ್ರೂಮನ್ ಶೋ’ ಚಿತ್ರದಲ್ಲಿ ತಪ್ಪು ಯಾರದು?

ನಮಸ್ಕಾರ ವೀಕ್ಷಕರೇ. ‘ದಿ ಟ್ರೂಮನ್ ಶೋ’ ಚಿತ್ರದಲ್ಲಿ ಇಷ್ಟೊಂದು ಚಿತ್ರೀಕರಣದ ತಪ್ಪುಗಳು ಉಳಿದುಬಿಟ್ಟದ್ದು ಹೇಗೆ ಎಂದು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಆ ತಪ್ಪುಗಳು ಯಾರವು ಎಂಬುದನ್ನು ಮೊದಲು ನೋಡಬೇಕು.

ಪೀಟರ್ ವಿಯರ್ ನಿರ್ದೇಶಿಸಿ, ಆಂಡ್ರೂ ನಿಕೋಲ್ ಬರೆದ ಈ ಚಿತ್ರ ತೆರೆಕಂಡದ್ದು 1998ರಲ್ಲಿ. ಕಥಾನಾಯಕ ಟ್ರೂಮನ್ ಬರ್ಬ್ಯಾಂಕ್ ವಾಸಿಸುವ ಸೀಹೆವನ್ ಎಂಬ ಊರು ಒಂದು ಬೃಹತ್ ಗುಮ್ಮಟದೊಳಗಿನ ಸೆಟ್. ಹೆಂಡತಿ, ಗೆಳೆಯ, ನೆರೆಹೊರೆಯವರೆಲ್ಲ ಸಂಬಳದ ನಟರು. ಸುಮಾರು 5,000 ಕ್ಯಾಮೆರಾಗಳು ಅವನ ಬದುಕನ್ನು ಜಗತ್ತಿಗೆ ನೇರಪ್ರಸಾರ ಮಾಡುತ್ತಿವೆ. ಇದು ಗೊತ್ತಿಲ್ಲದವನು ಅವನೊಬ್ಬನೇ.

ಈಗ ನನಗೆ ಬಹಳ ಪ್ರಿಯವಾದ ದೃಶ್ಯಕ್ಕೆ ಬರೋಣ. ಚಿತ್ರದ ಆರಂಭದಲ್ಲಿ, ಬೆಳಿಗ್ಗೆ ಕೆಲಸಕ್ಕೆ ಹೊರಟ ಟ್ರೂಮನ್‌ನ ಎದುರು, ತಿಳಿ ಆಕಾಶದಿಂದ ಸ್ಟುಡಿಯೋ ದೀಪವೊಂದು ಬಿದ್ದು ಒಡೆಯುತ್ತದೆ. ಅದರ ಮೇಲೆ ‘ಸಿರಿಯಸ್ (9 ಕ್ಯಾನಿಸ್ ಮೇಜರ್)’ ಎಂದು ಬರೆದಿದೆ. ಸಿರಿಯಸ್ ಎಂದರೆ ನಮ್ಮ ಲುಬ್ಧಕ, ಮಹಾಶ್ವಾನ ನಕ್ಷತ್ರಪುಂಜದ ಆಲ್ಫಾ ತಾರೆ. ಹಾಗಿರುವಾಗ ‘9’ ಎಂಬುದು ತಪ್ಪಲ್ಲವೇ ಎಂಬುದು ಸಹಜವಾದ ಪ್ರಶ್ನೆ. ತಪ್ಪಲ್ಲ. ನಕ್ಷತ್ರಗಳಿಗೆ ಗ್ರೀಕ್ ಅಕ್ಷರ ಕೊಡುವ ಕ್ರಮವನ್ನು 1603ರಲ್ಲಿ ತಂದವನು ಯೋಹಾನ್ ಬಾಯರ್. ಆದರೆ ಇಂಗ್ಲೆಂಡಿನ ಖಗೋಳಜ್ಞ ಜಾನ್ ಫ್ಲಾಮ್‌ಸ್ಟೀಡ್ ಹೆಸರಿನ ಇನ್ನೊಂದು ಕ್ರಮದಲ್ಲಿ, ಪುಂಜದ ತಾರೆಗಳಿಗೆ ಪಶ್ಚಿಮದಿಂದ ಪೂರ್ವಕ್ಕೆ ಸಂಖ್ಯೆ ಕೊಡುತ್ತಾ ಹೋದಾಗ ಲುಬ್ಧಕಕ್ಕೆ ಸಿಗುವುದು ಒಂಬತ್ತೇ. ಅಂದರೆ ಆ ಸುಳ್ಳು ಆಕಾಶದ ದೀಪಕ್ಕೂ ಯಾರೋ ನಕ್ಷತ್ರಪಟ್ಟಿ ನೋಡಿ ಸರಿಯಾದ ಗುರುತು ಬರೆದಿದ್ದಾರೆ. ಅಷ್ಟು ಶ್ರದ್ಧೆಯಿಂದ ಕೆಲಸ ಮಾಡುವ ಸಂಸ್ಥೆ, ಅದರ ಕೆಳಗೆ ನಿಂತ ಮನುಷ್ಯನಿಗೆ ಒಂದು ಸತ್ಯವನ್ನೂ ಹೇಳುವುದಿಲ್ಲ. ಹಾರುತ್ತಿದ್ದ ವಿಮಾನದಿಂದ ಬಿಡಿಭಾಗಗಳು ಉದುರಿದವು ಎಂದು ಕಾರಿನ ರೇಡಿಯೋದಲ್ಲಿ ತಕ್ಷಣವೇ ಸುದ್ದಿ ಹೇಳಿಸುತ್ತದೆ. ಈ ಚಿತ್ರದ ವಿಡಂಬನೆಯ ತಿರುಳೆಲ್ಲ ನನಗೆ ಕಾಣುವುದು ಆ ಒಂದು ದೀಪದಲ್ಲಿ.

ಕಡಲತೀರದಲ್ಲಿ ಟ್ರೂಮನ್‌ನೊಬ್ಬನ ಮೇಲೆಯೇ ಸುರಿದು, ಅವನು ಸರಿದಾಗ ಹಿಂಬಾಲಿಸುವ ಮಳೆ, ಹಿಂಗೋಡೆಯಿಲ್ಲದ ಲಿಫ್ಟ್‌ನಾಚೆ ವಿರಾಮದಲ್ಲಿರುವ ನಟರು, ಮದುವೆಯ ಫೋಟೋದಲ್ಲಿ ‘ಈ ಮಾತು ಲೆಕ್ಕಕ್ಕಿಲ್ಲ’ ಎಂಬ ಪಾಶ್ಚಾತ್ಯರ ಗುಟ್ಟಿನ ಸನ್ನೆಯಂತೆ ಹೆಂಡತಿ ಹೆಣೆದುಕೊಂಡ ಬೆರಳುಗಳು, ಇವೂ ಕಥೆಯೊಳಗಿನವರ ಎಡವಟ್ಟುಗಳೇ. ವಿಯರ್ ಅವರ ತಂಡ ಇವನ್ನು ಬೇಕೆಂದೇ ರೂಪಿಸಿದೆ.

ಸಮಯ ಕಡಿಮೆಯಿರುವುದರಿಂದ ಉಳಿದ ಪ್ರಶ್ನೆಗಳನ್ನು ಒಟ್ಟಿಗೇ ತೆಗೆದುಕೊಳ್ಳುತ್ತೇನೆ. ಪರದೆಯ ಮೇಲೆ ಬರುವ ‘10,909ನೆಯ ದಿನ’ ಎಂಬ ಲೆಕ್ಕ ಸರಿಯಾಗಿದೆ. ಅದು 29 ವರ್ಷ 10 ತಿಂಗಳಾಗುತ್ತದೆ, ಟ್ರೂಮನ್‌ಗೆ ಇನ್ನೇನು ಮೂವತ್ತು ತುಂಬಲಿದೆ. ಊರಿನ ಹೊರಾಂಗಣ ದೃಶ್ಯಗಳು ಚಿತ್ರಿತವಾದದ್ದು ಫ್ಲಾರಿಡಾದ ಸೀಸೈಡ್ ಎಂಬ ನಿಜವಾದ ಊರಿನಲ್ಲಿ. ಟ್ರೂಮನ್‌ನ ಹಳೆಯ ಪ್ರೇಮದ ನೆನಪು ಟಿವಿ ನೋಡುವವರಿಗೆ ಕಂಡದ್ದು ಹೇಗೆಂದರೆ, ಅದು ವಾಹಿನಿಯವರೇ ಮರುಪ್ರಸಾರ ಮಾಡಿದ ಹಳೆಯ ತುಣುಕು.

ನಿಜವಾದ ದೋಷವೆಂದು ನಾನು ಒಪ್ಪುವುದು ಕ್ಯಾಮೆರಾ ಕೋನಗಳನ್ನು. ಅಂಚು ಕಪ್ಪಾದ ಚೌಕಟ್ಟುಗಳು ಬಚ್ಚಿಟ್ಟ ಕ್ಯಾಮೆರಾದವು ಎಂದು ತಿಳಿಯುತ್ತದೆ. ಆದರೆ ಸೀಹೆವನ್ನಿನೊಳಗಿನ ಹಲವು ದೃಶ್ಯಗಳನ್ನು ಸಾಮಾನ್ಯ ಸಿನಿಮಾದಂತೆಯೇ ತೆಗೆಯಲಾಗಿದೆ, ಆ ಜಾಗದಲ್ಲಿ ಗುಪ್ತ ಕ್ಯಾಮೆರಾ ಎಲ್ಲಿತ್ತು ಎಂಬುದಕ್ಕೆ ಕಥೆಯಲ್ಲಿ ಉತ್ತರವಿಲ್ಲ. ಎಲ್ಲವನ್ನೂ ಗುಪ್ತ ಕ್ಯಾಮೆರಾದಿಂದಲೇ ತೋರಿಸುವ ನಿಯಮವನ್ನು ಚಿತ್ರವಿಡೀ ಬಿಗಿಯಾಗಿ ಪಾಲಿಸಿದ್ದರೆ, ನಾವೂ ಆ ಕಾರ್ಯಕ್ರಮದ ಪ್ರೇಕ್ಷಕರೇ ಎಂಬ ಅರಿವು ಇನ್ನಷ್ಟು ತೀಕ್ಷ್ಣವಾಗಿ ತಟ್ಟುತ್ತಿತ್ತು ಎಂದು ನಾನು ನಂಬುತ್ತೇನೆ.