ಹಳೇ ಸ್ಪೀಕರಿಗೆ ಯಾವ ಆಂಪ್ಲಿಫೈಯರ್?

ಕೇಳುಗರೆಲ್ಲರಿಗೂ ನಮಸ್ಕಾರ.

ಅಪ್ಪನ ಕಾಲದ ಸ್ಪೀಕರ್ ಜೋಡಿಯನ್ನು ಅಟ್ಟದಿಂದ ಇಳಿಸಿದವರು, ಹಳೇ ಸಾಮಾನಿನ ಅಂಗಡಿಯಲ್ಲಿ ಒಳ್ಳೇ ಜೋಡಿ ಸಿಕ್ಕವರು, ಎಲ್ಲರೂ ಕೇಳುವುದು ಒಂದೇ. ಇದಕ್ಕೆ ಎಷ್ಟು ವ್ಯಾಟಿನ ಆಂಪ್ಲಿಫೈಯರ್ ತರಬೇಕು? ಆ ಪ್ರಶ್ನೆ ಸ್ವಲ್ಪ ತಡೆಯಲಿ. ಮೊದಲು ಸ್ಪೀಕರನ್ನೇ ವಿಚಾರಿಸೋಣ. ಏನು ಬೇಕು ಅನ್ನೋದನ್ನು ಅದೇ ಹೇಳುತ್ತದೆ.

ಮುಂದಿನ ಬಟ್ಟೆಯ ಜಾಲರಿ ತೆಗೆದು ವೂಫರ್ ನೋಡಿ. ತಗ್ಗಿನ ಸ್ವರ ಕೊಡುವ ದೊಡ್ಡ ಕೋನ್ ಅದು. ಕೋನಿನ ಸುತ್ತ ಒಂದು ಮೆತ್ತನೆಯ ಅಂಚು ಇರುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಎಷ್ಟೋ ಸ್ಪೀಕರುಗಳಲ್ಲಿ ಈ ಅಂಚು ಫೋಮಿನದು. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಪುಡಿಪುಡಿಯಾಗಿ ಉದುರಿದರೆ, ಕೈಗೆ ಅಂಟಿದರೆ, ಅದರ ಆಯಸ್ಸು ಮುಗಿದಿದೆ. ಕರಾವಳಿಯ ತೇವದ ಗಾಳಿಯಲ್ಲಿ ಇದು ಇನ್ನೂ ಬೇಗ. ಹೊಸ ಅಂಚು ಅಂಟಿಸಬಹುದು, ಅಂಟಿಸಿದರೆ ವೂಫರ್ ಮತ್ತೆ ಚೆನ್ನಾಗಿ ಹಾಡುತ್ತದೆ. ಅಲ್ಲಿಯವರೆಗೆ ಅದಕ್ಕೆ ಯಾವ ಆಂಪ್ಲಿಫೈಯರನ್ನೂ ಜೋಡಿಸಬೇಡಿ. ಹಿಡಿತ ತಪ್ಪಿದ ಕೋನ್ ಓರೆಯಾಗಿ, ಒಳಗಿನ ಕಾಯಿಲ್ ಉಜ್ಜಿ ಹಾಳಾಗುತ್ತದೆ.

ಇನ್ನೊಂದು ಪರೀಕ್ಷೆಗೆ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ ಸಾಕು. ಎರಡು ತಂತಿ ಹಿಡಿದು ಸ್ಪೀಕರಿನ ಹಿಂದಿನ ಟರ್ಮಿನಲ್‌ಗೆ ಒಂದು ಕ್ಷಣ ಮುಟ್ಟಿಸಿ. ಟಪ್ ಅಂತ ಸದ್ದಾಗಿ ಕೋನ್ ಅಲುಗಬೇಕು. ಸೆಲ್ಲಿನ ಪ್ಲಸ್ಸನ್ನು ಕೆಂಪಿಗೆ ಮುಟ್ಟಿಸಿದಾಗ ಎರಡೂ ಪೆಟ್ಟಿಗೆಯ ಕೋನ್ ಒಂದೇ ದಿಕ್ಕಿಗೆ ಹೋಗಬೇಕು. ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಹೋದರೆ ಹಿಂದೆಂದೋ ರಿಪೇರಿಯಲ್ಲಿ ತಂತಿ ಅದಲುಬದಲಾಗಿದೆ. ಹಾಗೇ ಬಿಟ್ಟರೆ ಎಂಥ ಆಂಪ್ಲಿಫೈಯರ್ ತಂದರೂ ಬಾಸ್ ಸೊರಗುತ್ತದೆ.

ಆಮೇಲೆ ಓಮ್, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಪೆಟ್ಟಿಗೆಯ ಹಿಂದೆ 4, 8 ಅಥವಾ 15 ಅಂತ ಬರೆದಿರುತ್ತಾರೆ. ಚೀಟಿ ಕಿತ್ತುಹೋಗಿದ್ದರೆ ಮಲ್ಟಿಮೀಟರ್ ಹಿಡಿಯಿರಿ. 3ರ ಆಸುಪಾಸು ತೋರಿಸಿದರೆ ಸಾಮಾನ್ಯವಾಗಿ ಅದು 4 ಓಮಿನ ಸ್ಪೀಕರ್, 6ರ ಆಸುಪಾಸು ಇದ್ದರೆ 8 ಓಮಿನದು. ಓಮ್ ಕಡಿಮೆಯಾದಷ್ಟೂ ಸ್ಪೀಕರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಅಷ್ಟು ಕೊಡಲಾಗದ ಆಂಪ್ಲಿಫೈಯರ್ ಬಿಸಿಯೇರಿ ಕೊನೆಗೆ ಸುಡುತ್ತದೆ.

ಇಲ್ಲಿ ಎರಡು ಹೆಸರಾಂತ ಸ್ಪೀಕರುಗಳ ವಿಷಯ ಹೇಳಲೇಬೇಕು. ಮೊದಲನೆಯದು ಅಮೆರಿಕದ ಎಆರ್-3ಎ. 1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಸೇರಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಶುರು ಮಾಡಿದರು. ಅದುವರೆಗೆ ಆಳವಾದ ಬಾಸ್ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ವಿಲ್ಚರ್ ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರು. ಶೆಲ್ಫಿನಲ್ಲಿ ಕೂರುವ ಪೆಟ್ಟಿಗೆಯಿಂದ ಶುದ್ಧವಾದ ಬಾಸ್ ಬಂತು. ನನಗೆ ಇಂದಿಗೂ ಇದು ಸ್ಪೀಕರ್ ಚರಿತ್ರೆಯ ಅತಿ ಸುಂದರ ಯೋಚನೆ. ಆದರೆ ಅದಕ್ಕೆ ಬೆಲೆ ತೆರಬೇಕಾಯಿತು. ಅಷ್ಟೇ ಸದ್ದಿಗೆ ಜಾಸ್ತಿ ವ್ಯಾಟ್ ಬೇಕು. 1967ರಲ್ಲಿ ಬಂದ 3ಎ ಮೇಲಾಗಿ 4 ಓಮಿನದು. ಇದಕ್ಕೆ 4 ಓಮಿಗೆ ಹೆದರದ, 60ರಿಂದ 100 ವ್ಯಾಟಿನ ಗಟ್ಟಿ ಟ್ರಾನ್ಸಿಸ್ಟರ್ ಆಂಪ್ಲಿಫೈಯರೇ ಸರಿ. ಅಂದ ಹಾಗೆ, ಇದರ ಹಿಂದೆ ಎರಡು ನಾಬ್ ಇವೆ. ಅವುಗಳಲ್ಲಿ ಕಿಲುಬು ಹಿಡಿದರೆ ಮೇಲಿನ ಸ್ವರ ಮಾಯವಾಗುತ್ತದೆ. ಮೇಲಿನ ಸ್ವರ ಕೊಡುವ ಚಿಕ್ಕ ಟ್ವೀಟರ್ ಸತ್ತಿದೆ ಅಂದುಕೊಳ್ಳುವ ಮೊದಲು ನಾಬ್ ತಿರುಗಿಸಿ ನೋಡಿ.

ಎರಡನೆಯದು ನಮ್ಮ ರೇಡಿಯೋ ಬಳಗಕ್ಕೇ ಸೇರಿದ್ದು. ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ, ಹೊರಾಂಗಣ ಪ್ರಸಾರದ ವ್ಯಾನಿನ ಇಕ್ಕಟ್ಟಿನಲ್ಲಿ ಕೂತು ಕೇಳಲೆಂದು ರೂಪಿಸಿದ ಪುಟ್ಟ ಎಲ್‌ಎಸ್ 3/5ಎ. ಮನುಷ್ಯನ ದನಿ ಇದರಲ್ಲಿ ಎಷ್ಟು ನಿಜ ಅನ್ನಿಸುತ್ತದೆ ಅಂದರೆ, ಇವತ್ತಿಗೂ ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಮೊದಲಿನವು 15 ಓಮಿನವು. ಕರೆಂಟ್ ಕಡಿಮೆ ಎಳೆಯುತ್ತವೆ, ಆಂಪ್ಲಿಫೈಯರಿಗೆ ಆಯಾಸವಿಲ್ಲ. ಆದರೆ 8 ಓಮಿಗೆ 50 ವ್ಯಾಟ್ ಕೊಡುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ 15 ಓಮಿಗೆ ಸುಮಾರು 27 ವ್ಯಾಟ್ ಮಾತ್ರ ಕೊಡುತ್ತದೆ. ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಆಂಪ್ಲಿಫೈಯರಿನಲ್ಲಿ 16 ಓಮಿನ ಟರ್ಮಿನಲ್ ಇದ್ದರೆ ಇದಕ್ಕೆ ಹೇಳಿ ಮಾಡಿಸಿದ ಜೋಡಿ.

ಇನ್ನು ಡೆಸಿಬಲ್, ಅಂದರೆ ಸದ್ದಿನ ಮಟ್ಟದ ಲೆಕ್ಕ. ಅಷ್ಟೇ ವಿದ್ಯುತ್ತಿಗೆ ಒಂದೊಂದು ಸ್ಪೀಕರ್ ಒಂದೊಂದು ಮಟ್ಟದ ಸದ್ದು ಮಾಡುತ್ತದೆ. 3 ಡೆಸಿಬಲ್ ಕಡಿಮೆ ಇದ್ದರೆ ಎರಡು ಪಟ್ಟು ವ್ಯಾಟ್ ಬೇಕು, 10 ಕಡಿಮೆ ಇದ್ದರೆ ಹತ್ತು ಪಟ್ಟು. 3/5ಎ ಸುಮಾರು 82 ಡೆಸಿಬಲಿನದು. ಹಾರ್ನ್ ಇರುವ ಕ್ಲಿಪ್ಷ್ ಥರದವು 95ನ್ನೂ ದಾಟುತ್ತವೆ. ಅವಕ್ಕೆ ಐದಾರು ವ್ಯಾಟ್ ಧಾರಾಳವಾಯಿತು. ಆದರೆ ಆಂಪ್ಲಿಫೈಯರಿನ ಸಣ್ಣ ಸುಯ್ ಸದ್ದೂ ಅವುಗಳಲ್ಲಿ ಕೇಳಿಸಿಬಿಡುತ್ತದೆ. ಹಾಗಾಗಿ ಅಲ್ಲಿ ವ್ಯಾಟಿಗಿಂತ ನಿಶ್ಶಬ್ದ ಮುಖ್ಯ.

ಹಳೇ ಸ್ಪೀಕರ್ ಅಲ್ವಾ, ಕಡಿಮೆ ವ್ಯಾಟಿದ್ದರೆ ಕ್ಷೇಮ ಅಂತ ಬಹಳ ಜನ ನಂಬಿದ್ದಾರೆ. ಅದು ಪೂರ್ತಿ ನಿಜವಲ್ಲ. ಮನೆಯಲ್ಲಿ ಸುಮ್ನೆ ಹಾಡು ಕೇಳುವಾಗ ಒಂದೆರಡು ವ್ಯಾಟ್ ಸಾಕು. ಸಂಗೀತ ಕಚೇರಿಯಲ್ಲಿ ತನಿ ಆವರ್ತನ ಬಂದು ಮೃದಂಗದ ಒಂದು ಗಟ್ಟಿ ಪೆಟ್ಟು ಬಿದ್ದಾಗ ಆ ಕ್ಷಣಕ್ಕೆ ಅದರ ಹತ್ತು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಚಿಕ್ಕ ಆಂಪ್ಲಿಫೈಯರಿನಲ್ಲಿ ಅಷ್ಟು ಇಲ್ಲದಿದ್ದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಆಗ ಹುಟ್ಟುವ ಒರಟು ಸದ್ದು ನೇರ ಟ್ವೀಟರಿಗೆ ಹೋಗುತ್ತದೆ, ಅದರ ಕೂದಲೆಳೆಯಂಥ ತಂತಿ ಸುಡುತ್ತದೆ. ನಲವತ್ತು ವರ್ಷದ ಹಿಂದಿನ ಟ್ವೀಟರಿಗೆ ಬದಲಿ ಸಿಗುವುದು ಎಷ್ಟು ಕಷ್ಟ ಅಂತ ಹುಡುಕಿದವರಿಗೇ ಗೊತ್ತು. ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿ ವ್ಯಾಟ್ ಇರಲಿ, ವಾಲ್ಯೂಮ್ ಮೇಲೆ ಕೈ ಹಿಡಿತದಲ್ಲಿರಲಿ.

ಡಬ್ಬದ ಮೇಲಿನ ಸಂಖ್ಯೆಯನ್ನು ಮಾತ್ರ ನಂಬಬೇಡಿ. ತೊಂಬತ್ತರ ದಶಕದಲ್ಲಿ ಉಬ್ಬಿಸಿ ಬರೆಯುತ್ತಿದ್ದ ಸಾವಿರ ವ್ಯಾಟ್ ಪಿಎಂಪಿಒ ನೆನಪಿದೆಯಲ್ಲ? ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಎಡೆಬಿಡದೆ ಕೊಡಬಲ್ಲ ವ್ಯಾಟ್, ಅದೂ ಎಷ್ಟು ಓಮಿಗೆ ಅಂತ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಆನ್‌ಲೈನಿನಲ್ಲಿ ಕ್ಲಾಸ್ ಡಿ ಅನ್ನುವ ಹೊಸ ಬಗೆಯ, ಅಂಗೈಯಗಲದ ಆಂಪ್ಲಿಫೈಯರುಗಳು ಸಿಗುತ್ತವೆ. ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ನೂರು ನೂರು ವ್ಯಾಟ್ ಅಂತ ಬರೆದು, ಜೊತೆಗೆ 24 ವೋಲ್ಟ್, 2 ಆಂಪಿಯರಿನ ಅಡಾಪ್ಟರ್ ಕೊಟ್ಟಿರುತ್ತಾರೆ. ಗುಣಿಸಿ ನೋಡಿ, 48 ವ್ಯಾಟ್. ಎರಡೂ ಸ್ಪೀಕರಿಗೆ ಸೇರಿ ಅಷ್ಟೇ.

ಹಳೇ ಆಂಪ್ಲಿಫೈಯರನ್ನೇ ತರುವ ಆಸೆ ಇದ್ದರೆ ಖಂಡಿತ ತನ್ನಿ. ಭಾರವಾದ ಟ್ರಾನ್ಸ್‌ಫಾರ್ಮರ್ ಇರುವ ಆ ಕಾಲದವು ನನಗೂ ಬಹಳ ಇಷ್ಟ. ಅದರ ಕೆಪಾಸಿಟರುಗಳಿಗೂ ವಯಸ್ಸಾಗಿರುತ್ತದೆ, ಬಲ್ಲ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ. ಟ್ರಾನ್ಸಿಸ್ಟರಿನದಾದರೆ ಸ್ಪೀಕರ್ ಜೋಡಿಸುವ ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ ಆನ್ ಮಾಡಿ. ಹತ್ತು ನಿಮಿಷ ಬಿಡಿ. ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರಿನಿಂದ ಡಿಸಿ ವೋಲ್ಟ್ ಅಳೆಯಿರಿ. 50 ಮಿಲಿವೋಲ್ಟಿನ ಒಳಗಿದ್ದರೆ ತಂತಿ ಜೋಡಿಸಿ. ಪೂರ್ತಿ ಒಂದೆರಡು ವೋಲ್ಟ್ ತೋರಿಸಿದರೆ ಅದನ್ನು ಅಲ್ಲೇ ಆಫ್ ಮಾಡಿ, ರಿಪೇರಿಯಾಗಿ ಬರುವ ತನಕ ಸ್ಪೀಕರಿನ ಹತ್ತಿರ ತರಬೇಡಿ.

ನಮಸ್ಕಾರ.