ಅಸಲಿ ಆಟ ನೋಡದೆ ಮಾಡಿದ ನಕಲು

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವ ಆಟದ ಹೆಸರು ರೆಪ್ಟನ್. ಸುತ್ತ ಮಣ್ಣು, ಮಣ್ಣಿನ ನಡುವೆ ಬಂಡೆಗಳು, ಅಲ್ಲಲ್ಲಿ ವಜ್ರಗಳು. ಮಣ್ಣು ಅಗೆಯುತ್ತಾ ಹೋಗಬೇಕು, ವಜ್ರ ಆರಿಸಬೇಕು, ಬಂಡೆ ತಲೆ ಮೇಲೆ ಬೀಳದ ಹಾಗೆ ನೋಡಿಕೊಳ್ಳಬೇಕು. ಹಳೇ ಆಟಗಳ ಪರಿಚಯ ಇರುವವರು, ಇದು ಬೌಲ್ಡರ್ ಡ್ಯಾಶ್ ಅಲ್ವಾ ಅಂತ ಕೇಳುತ್ತೀರಿ. ಹೌದು, ಮೂಲ ಅದೇ. ಆದರೆ ಇದನ್ನು ಬರೆದ ಹುಡುಗ ಬೌಲ್ಡರ್ ಡ್ಯಾಶ್ ಆಡಿರಲೇ ಇಲ್ಲ. ಅದರ ಬಗ್ಗೆ ಬಂದ ಒಂದು ವಿಮರ್ಶೆ ಓದಿದ್ದ, ಅಷ್ಟೇ.

ನಾನಿವತ್ತು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ, ಸೆಂಟರ್ ಫಾರ್ ಕಂಪ್ಯೂಟಿಂಗ್ ಹಿಸ್ಟರಿ ಎಂಬ ಮ್ಯೂಸಿಯಂನಲ್ಲಿದ್ದೇನೆ. ಇಲ್ಲಿ 80ರ ದಶಕದ ಶಾಲೆಯ ಕಂಪ್ಯೂಟರ್ ತರಗತಿಯನ್ನು ಹಾಗೇ ಕಟ್ಟಿಟ್ಟಿದ್ದಾರೆ. ಸಾಲಾಗಿ ಬಿಬಿಸಿ ಮೈಕ್ರೋಗಳು. ಬಂದವರು ಕೂತು ಆಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಕೀಬೋರ್ಡ್ ಮೇಲ್ಭಾಗದ ಈ ಕೆಂಪು ಕೀಗಳ ಸಾಲು ನೋಡಿ. ಪಕ್ಕದಲ್ಲಿ ಚುಕ್ಕಿ ಚುಕ್ಕಿಯ ಗೂಬೆ ಚಿತ್ರ.

ಇದೇ ಊರಿನ ಏಕಾರ್ನ್ ಕಂಪನಿ 1981ರ ಕೊನೆಯಲ್ಲಿ ತಂದ ಯಂತ್ರ ಇದು. ಮಾಡೆಲ್ ಬಿ ಎಂಬುದರಲ್ಲಿ ಇದ್ದದ್ದು 32 ಕೆಬಿ ಮೆಮೊರಿ. ಎಂಟು ಬಣ್ಣದ ಚಿತ್ರ ಬೇಕು ಅಂದರೆ ಅದರಲ್ಲಿ 20 ಕೆಬಿ ಪರದೆಗೇ ಹೋಗುತ್ತಿತ್ತು. ಉಳಿದದ್ದರಲ್ಲೇ ಇಡೀ ಆಟ ಕೂರಬೇಕು. ನಮ್ಮ ದೇಶಕ್ಕೂ ಇದು ಬಂದಿತ್ತು. 1984ರಲ್ಲಿ ಭಾರತ ಸರ್ಕಾರ ಶುರು ಮಾಡಿದ ಕ್ಲಾಸ್ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟದ್ದು ಬಿಬಿಸಿ ಮೈಕ್ರೋಗಳನ್ನೇ. ನಿಮ್ಮ ಶಾಲೆಯಲ್ಲಿ ಈ ಗೂಬೆಯ ಯಂತ್ರ ಇತ್ತಾ? ಇದ್ದರೆ ಅದರಲ್ಲಿ ಯಾವ ಆಟ ಆಡಿದಿರಿ ಅಂತ ಕೆಳಗೆ ಬರೆಯಿರಿ. ನನಗೆ ನಿಜಕ್ಕೂ ತಿಳಿದುಕೊಳ್ಳುವ ಆಸೆ.

ಸರಿ, ರೆಪ್ಟನ್ ಕಡೆ ಬರೋಣ.

ಬೌಲ್ಡರ್ ಡ್ಯಾಶ್ 1984ರ ಆಟ. ಕೆನಡಾದ ಪೀಟರ್ ಲೀಪಾ ಮತ್ತು ಕ್ರಿಸ್ ಗ್ರೇ ಮಾಡಿದ್ದು, ಮೊದಲು ಬಂದದ್ದು ಅಟಾರಿಯ ಹೋಮ್ ಕಂಪ್ಯೂಟರ್‌ಗಳಿಗೆ. ಮರುವರ್ಷ, 1985ರಲ್ಲಿ, ಸುಪೀರಿಯರ್ ಸಾಫ್ಟ್‌ವೇರ್ ಎಂಬ ಕಂಪನಿಯಿಂದ ರೆಪ್ಟನ್ ಹೊರಬಂತು. ಬರೆದವನು ಟಿಮ್ ಟೈಲರ್. ಆಗ ಅವನ ವಯಸ್ಸು 16.

ವಿಮರ್ಶೆಯಲ್ಲಿ ಏನು ಸಿಗುತ್ತದೆ ಯೋಚಿಸಿ. ಮಣ್ಣು ಅಗೆಯಬೇಕು, ಬಂಡೆ ಬೀಳುತ್ತದೆ, ವಜ್ರ ಸಿಗುತ್ತದೆ. ಇಷ್ಟು ತಿಳಿಯುತ್ತದೆ. ಬಂಡೆ ಎಷ್ಟು ವೇಗವಾಗಿ ಬೀಳುತ್ತದೆ? ಎದುರಾಳಿ ಹೇಗೆ ನಡೆಯುತ್ತಾನೆ? ಆಡುವಾಗ ಕೈಗೆ ಏನನ್ನಿಸುತ್ತದೆ? ಅದನ್ನೆಲ್ಲ ಯಾವ ಪತ್ರಿಕೆಯೂ ಹೇಳಲಾರದು. ಟೈಲರ್ ಅವಷ್ಟನ್ನೂ ತಾನೇ ತೀರ್ಮಾನಿಸಬೇಕಾಯಿತು. ರೆಪ್ಟನ್ ಹುಟ್ಟಿದ್ದು ಅಲ್ಲೇ ಅಂತ ನನ್ನ ನಂಬಿಕೆ.

ಬೌಲ್ಡರ್ ಡ್ಯಾಶ್‌ನಲ್ಲಿ ಗುಹೆ ಸುಮ್ನೆ ಇರುವುದೇ ಇಲ್ಲ. ಮಿಂಚುಹುಳ ಓಡಾಡುತ್ತದೆ, ಚಿಟ್ಟೆ ಹಾರುತ್ತದೆ, ಅಮೀಬಾ ಹರಡುತ್ತಾ ಬರುತ್ತದೆ, ಗಡಿಯಾರ ಓಡುತ್ತದೆ. ಹೇಳಿದಷ್ಟು ವಜ್ರ ಸಿಕ್ಕರೆ ಬಾಗಿಲು ತೆರೆಯುತ್ತದೆ, ಉಳಿದದ್ದು ಬಿಟ್ಟು ಓಡಬಹುದು. ರೆಪ್ಟನ್‌ನಲ್ಲಿ ಹಾಗಲ್ಲ. ಒಂದು ವಜ್ರವನ್ನೂ ಬಿಡುವಂತಿಲ್ಲ. ಈ ಒಂದೇ ನಿಯಮದಿಂದ ಆಟದ ಸ್ವಭಾವವೇ ಬದಲಾಗಿಬಿಟ್ಟಿತು. ಒಂದು ಬಂಡೆಯನ್ನು ತಪ್ಪು ಕಡೆ ತಳ್ಳಿದಿರಿ ಅಂದುಕೊಳ್ಳಿ, ಒಂದು ವಜ್ರದ ದಾರಿ ಶಾಶ್ವತವಾಗಿ ಮುಚ್ಚಿಹೋಯಿತು. ಆಮೇಲೆ ಎಷ್ಟು ಚುರುಕಾಗಿ ಕೈ ಆಡಿಸಿದರೂ ಪ್ರಯೋಜನ ಇಲ್ಲ. ಒಂದು ಜೀವ ಕಳೆದುಕೊಂಡು ಮೊದಲಿನಿಂದ ಶುರು ಮಾಡಬೇಕು. ಹಾಗಾಗಿ ಪ್ರತಿ ಹೆಜ್ಜೆಗೂ ಮುಂಚೆ ನಿಂತು ಯೋಚಿಸಬೇಕಾಗುತ್ತದೆ.

ಈಗ ನೋಡಿ, ಇಲ್ಲೊಂದು ಮೊಟ್ಟೆ ಇದೆ. ಅದರ ಕೆಳಗಿನ ಮಣ್ಣು ತೆಗೆದರೆ ಮೊಟ್ಟೆ ಬಿದ್ದು ಒಡೆಯುತ್ತದೆ. ಒಳಗಿಂದ ರಾಕ್ಷಸ ಬಂದು ಬೆನ್ನಟ್ಟುತ್ತಾನೆ. ಅವನನ್ನು ಕೊಲ್ಲಲು ಇರುವುದು ಬಂಡೆ ಮಾತ್ರ, ಅದೂ ತಲೆ ಮೇಲೆ ಬೀಳಿಸಬೇಕು. ಅಂದರೆ ಮೊಟ್ಟೆ ಒಡೆಯುವ ಮುಂಚೆಯೇ ಬಂಡೆ ಎಲ್ಲಿ, ನಾನು ಎಲ್ಲಿ, ಅವನು ಎಲ್ಲಿಂದ ಬರುತ್ತಾನೆ ಅಂತ ಲೆಕ್ಕ ಹಾಕಿರಬೇಕು. ಕೀಲಿಕೈ ಸಿಕ್ಕರೆ ಪೆಟ್ಟಿಗೆಗಳೆಲ್ಲ ವಜ್ರಗಳಾಗುತ್ತವೆ. ಅಲ್ಲಿಯವರೆಗೆ ಅವು ಬರೀ ಅಡ್ಡಗೋಡೆಗಳು. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಬಿಗಿಯಾದ ಒಗಟು! ಆಡುವಾಗ ಪ್ರತಿ ಸಲವೂ ಖುಷಿಯಾಗುತ್ತದೆ.

ಬಂಡೆಗಳ ಚಲನೆಯ ಸೊಗಸಿನಲ್ಲಿ ಬೌಲ್ಡರ್ ಡ್ಯಾಶ್‌ನದ್ದೇ ಮೇಲುಗೈ, ಅದನ್ನು ಒಪ್ಪಿಕೊಳ್ಳಲೇಬೇಕು. ಒಗಟಿನ ವಿಷಯಕ್ಕೆ ಬಂದರೆ ನಾನು ರೆಪ್ಟನ್ ಪಕ್ಷ. ಮುಂದೆ ರೆಪ್ಟನ್ 2 ಬಂತು. ಅದರಲ್ಲಿ ಬೇರೆ ಬೇರೆ ಹಂತಗಳೇ ಇಲ್ಲ, ಎಲ್ಲ ಸೇರಿ ಒಂದೇ ದೊಡ್ಡ ಲೋಕ. ಆಟವನ್ನು ಉಳಿಸಿಡುವ ದಾರಿಯೂ ಇಲ್ಲ, ಕೂತರೆ ಮುಗಿಸಿಯೇ ಏಳಬೇಕು. 1986ರ ರೆಪ್ಟನ್ 3ರ ಜೊತೆ ಎಡಿಟರ್ ಕೊಟ್ಟರು. ಮಕ್ಕಳು ತಮ್ಮದೇ ಹಂತ ಕಟ್ಟಬಹುದು, ಬಂಡೆ, ರಾಕ್ಷಸರ ಚಿತ್ರಗಳನ್ನೂ ಬದಲಿಸಬಹುದು. ಬಿಬಿಸಿ ಮೈಕ್ರೋ ಇದ್ದ ಮನೆಗಳಲ್ಲಿ ಇಂಥ ಆಟ ಅಂದರೆ ರೆಪ್ಟನ್ನೇ ಆಗಿಹೋಯಿತು.

ಇನ್ನೊಂದು ಯಂತ್ರದ ಮುಂದೆ ಕೂರೋಣ. ಇದು ಥ್ರಸ್ಟ್. 1986, ಬರೆದವರು ಜೆರೆಮಿ ಸ್ಮಿತ್. ಇದರ ಮೂಲ ಅಟಾರಿಯ ಗ್ರಾವಿಟಾರ್, 1982ರ ಆರ್ಕೇಡ್ ಆಟ. ಗುರುತ್ವ ಎಳೆಯುತ್ತಿರುತ್ತದೆ, ಇಂಧನ ಕರಗುತ್ತಿರುತ್ತದೆ, ನೌಕೆಯನ್ನು ತಿರುಗಿಸಿ ತಿರುಗಿಸಿ ಹಾರಿಸಬೇಕು. ಐಡಿಯಾ ಚೆನ್ನಾಗಿತ್ತು. ಆದರೆ ತೀರಾ ಕಷ್ಟ.

ಸ್ಮಿತ್ ಅದಕ್ಕೆ ಒಂದೇ ಒಂದು ಸಂಗತಿ ಸೇರಿಸಿದರು. ನೆಲದಲ್ಲಿರುವ ಭಾರದ ಗೋಳವೊಂದನ್ನು ಎತ್ತಿಕೊಂಡು ಹೋಗಬೇಕು, ಗೋಳ ನೌಕೆಗೆ ಗಟ್ಟಿ ಸರಳಿನಿಂದ ಅಂಟಿಕೊಂಡಿರುತ್ತದೆ. ನೋಡಿ, ಈಗ ಎತ್ತಿದೆ. ನಾನು ಬಲಕ್ಕೆ ಹೋದರೆ ಗೋಳ ತೂಗಿ ಎಡಕ್ಕೆ ಎಳೆಯುತ್ತದೆ. ನಿಲ್ಲಿಸಲು ಹೋದರೆ ಅದು ನನ್ನನ್ನು ದಾಟಿ ಮುಂದೆ ಹೋಗುತ್ತದೆ. ನೌಕೆಯನ್ನು ನಾನು ಹಾರಿಸುತ್ತಿದ್ದೇನಾ, ಗೋಳ ನನ್ನನ್ನು ಹಾರಿಸುತ್ತಿದೆಯಾ ಗೊತ್ತಾಗುವುದಿಲ್ಲ! ಇಕ್ಕಟ್ಟಾದ ಗುಹೆಯಲ್ಲಿ ಇದನ್ನು ನಿಭಾಯಿಸಬೇಕು. ತೂಗಾಟದ ಲಯ ಕೈಗೆ ಹತ್ತಿದ ಮೇಲೆ ಬಿಡಲು ಮನಸ್ಸೇ ಬರುವುದಿಲ್ಲ. ಅಲ್ಲಿರುವ ರಿಯಾಕ್ಟರ್‌ಗೆ ಗುಂಡು ಹೊಡೆದರೆ ಶತ್ರು ಬಂದೂಕುಗಳು ಸ್ವಲ್ಪ ಹೊತ್ತು ಸುಮ್ಮನಾಗುತ್ತವೆ. ಜಾಸ್ತಿ ಹೊಡೆದರೆ ಕ್ಷಣಗಣನೆ ಶುರು, ಇಡೀ ಗ್ರಹವೇ ಸಿಡಿಯುತ್ತದೆ. ಆರು ಹಂತ ಮುಗಿಸಿದರೆ ಅವೇ ಹಂತಗಳು ಮತ್ತೆ ಬರುತ್ತವೆ, ಈ ಸಲ ಗುರುತ್ವ ತಲೆಕೆಳಗು. ಅದನ್ನೂ ದಾಟಿದರೆ ನೆಲವೇ ಕಾಣುವುದಿಲ್ಲ.

ಎಲ್ಲ ನಕಲುಗಳಿಗೂ ಇಂಥ ಅದೃಷ್ಟ ಇರಲಿಲ್ಲ. 1981ರಲ್ಲಿ ಅಮೆರಿಕದಲ್ಲಿ ಎಡ್ ಅವೆರೆಟ್ ಎಂಬವರು ಮ್ಯಾಗ್ನವಾಕ್ಸ್ ಒಡಿಸ್ಸಿ 2 ಯಂತ್ರಕ್ಕೆ ಕೆ.ಸಿ. ಮಂಚ್ಕಿನ್ ಎಂಬ ಆಟ ಬರೆದರು. ಭೂತಗಳಿಂದ ತಪ್ಪಿಸಿಕೊಂಡು ಚುಕ್ಕಿ ತಿನ್ನುತ್ತಾ ಹೋಗುವ ಪ್ಯಾಕ್‌ಮ್ಯಾನ್ ಥರದ್ದೇ, ಆದರೆ ಇಲ್ಲಿ ತಿನ್ನಬೇಕಾದ ಚುಕ್ಕಿಗಳೇ ಓಡಾಡುತ್ತವೆ. ಇರುವುದು 12 ಚುಕ್ಕಿ, ಕೊನೆಯದನ್ನು ಹಿಡಿಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ಪ್ಯಾಕ್‌ಮ್ಯಾನ್ ಹಕ್ಕು ಇದ್ದ ಅಟಾರಿ 1982ರಲ್ಲಿ ತನ್ನ 2600 ಯಂತ್ರಕ್ಕೆ ತಂದ ಅಧಿಕೃತ ಆಟದಲ್ಲಿ ಭೂತಗಳು ಮಿಣಮಿಣ ಮಿನುಗುತ್ತಿದ್ದವು. ಮಂಚ್ಕಿನ್ ಅದಕ್ಕಿಂತ ಎಷ್ಟೋ ಚೆನ್ನ. ಆದರೆ ಅಟಾರಿ ಕೋರ್ಟಿಗೆ ಹೋಗಿ ಗೆದ್ದಿತು, ಮಂಚ್ಕಿನ್ ಅಂಗಡಿಗಳಿಂದ ಹೊರಗೆ ಹೋಯಿತು. ಭೂತಗಳ ರೂಪ ತೀರಾ ಹತ್ತಿರ ಇತ್ತು, ಕೋರ್ಟಿನ ಮಾತು ನನಗೆ ಅರ್ಥವಾಗುತ್ತದೆ. ಆದರೂ ಓಡುವ ಚುಕ್ಕಿಯಂಥ ಹೊಸ ಯೋಚನೆ ಅದರ ಜೊತೆಗೇ ಹೋಯಿತಲ್ಲ, ಅದು ಬೇಜಾರು. ಬಿಬಿಸಿಯ ಸ್ನ್ಯಾಪರ್ ಕೂಡ ಮೊದಲು ಪ್ಯಾಕ್‌ಮ್ಯಾನ್‌ಗೆ ಅಷ್ಟೇ ಹತ್ತಿರ ಇತ್ತು. ಅದನ್ನು ತಂದ ಏಕಾರ್ನ್‌ಸಾಫ್ಟ್ ಪಾತ್ರಗಳ ರೂಪ ಬದಲಿಸಿತು, ಆಟ ಉಳಿಯಿತು.

ಇವನ್ನು ಆಡಲು ಕೇಂಬ್ರಿಡ್ಜ್‌ಗೇ ಬರಬೇಕಿಲ್ಲ. ಮ್ಯಾಟ್ ಗಾಡ್‌ಬೋಲ್ಟ್ ಬರೆದ ಜೆಎಸ್‌ಬೀಬ್ ಎಂಬ ಎಮ್ಯುಲೇಟರ್, ಅಂದರೆ ಬಿಬಿಸಿ ಮೈಕ್ರೋ ಥರವೇ ನಡೆದುಕೊಳ್ಳುವ ಸಾಫ್ಟ್‌ವೇರ್, ಬ್ರೌಸರ್‌ನಲ್ಲೇ ಓಡುತ್ತದೆ. ರೆಪ್ಟನ್‌ನಿಂದ ಶುರು ಮಾಡಿ. ಎಡಕ್ಕೆ ಝಡ್, ಬಲಕ್ಕೆ ಎಕ್ಸ್, ಮೇಲೆ ಹೋಗಲು ಕೋಲನ್, ಕೆಳಗೆ ಸ್ಲ್ಯಾಶ್. ಬಿಬಿಸಿಯಲ್ಲಿ ಕೋಲನ್‌ಗೆ ಬೇರೆ ಕೀ ಇತ್ತು, ಈಗಿನ ಕೀಬೋರ್ಡ್‌ನಲ್ಲಿ ಕೋಲನ್ ಇರುವ ಕೀಯ ಬಲಪಕ್ಕದ ಕೀ ಒತ್ತಿ ನೋಡಿ. ಹಂತ ದಾಟಿದ ಮೇಲೆ ಸಿಗುವ ಪಾಸ್‌ವರ್ಡನ್ನು ಮರೆಯದೆ ಬರೆದಿಟ್ಟುಕೊಳ್ಳಿ. ಮೊಟ್ಟೆಯ ಹತ್ತಿರ ಹೋಗುವ ಮುಂಚೆ ಮಾತ್ರ, ಮೇಲೆ ಬಂಡೆ ಎಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ.