ಗಿಲಾವು ಬೇಡದ ಗೋಡೆ

ಆತ್ಮೀಯ ಶ್ರೋತೃಗಳೇ, ನಮಸ್ಕಾರ.

ಖಾನಾಪುರ ತಾಲೂಕಿನ ಒಂದು ಊರಿನವರು ಚರ್ಚನ್ನೂ ಊರಿಗೆಲ್ಲ ಒದಗುವ ಸಾಂಸ್ಕೃತಿಕ ಭವನವನ್ನೂ ಒಂದೇ ಅಂಗಳದ ಸುತ್ತ ಇಟ್ಟಿಗೆಯಲ್ಲಿ ಕಟ್ಟಿಸಬೇಕೆಂದು ನನ್ನಲ್ಲಿಗೆ ಬಂದಾಗ, ನಕ್ಷೆಗೆ ಕೈ ಹಚ್ಚುವ ಮೊದಲೇ ನಾನು ಅವರಿಂದ ಒಂದು ಮಾತು ತೆಗೆದುಕೊಂಡೆ: ಗೋಡೆಗೆ ಗಿಲಾವು, ಅಂದರೆ ಮೇಲ್ಮೈಗೆ ಗಾರೆಯ ಲೇಪ, ಮಾಡಿಸಬಾರದು. ಮೇಲೆ ಗಿಲಾವು ಬರುತ್ತದೆಂದು ಗೊತ್ತಿದ್ದರೆ ಒಳಗಿನ ಕೆಲಸ ಹೇಗಿದ್ದರೂ ಸಾಗುತ್ತದೆ. ಬರುವುದಿಲ್ಲವೆಂದಾದರೆ ಪ್ರತಿಯೊಂದು ಸಾಲೂ ಮಟ್ಟಸವಾಗಿ ಬರಲೇಬೇಕು.

ಸ್ವೀಡನ್ ದೇಶದ ಕ್ಲಿಪ್ಪಾನ್ ಊರಿನಲ್ಲಿ 1966ರಲ್ಲಿ ಮುಗಿದ ಸೇಂಟ್ ಪೀಟರ್ ಚರ್ಚನ್ನು ವಿನ್ಯಾಸಗೊಳಿಸಿದ ಸಿಗುರ್ಡ್ ಲೆವೆರೆಂಟ್ಸ್ ಅವರಿಗೆ ಆಗ 80 ದಾಟಿತ್ತು. ಒಂದೇ ಒಂದು ಇಟ್ಟಿಗೆಯನ್ನೂ ಕಡಿಯಕೂಡದೆಂದು ಅವರು ಕಟ್ಟಪ್ಪಣೆ ಮಾಡಿದ್ದರು. ಅಳತೆ ಕೂಡದ ಕಡೆ ಇಟ್ಟಿಗೆಯನ್ನು ಒಡೆಯದೆ ಸಂದಿನ ಗಾರೆಯನ್ನೇ ದಪ್ಪ ಮಾಡಿಸಿದರು. ಅಲ್ಲಿ ನೆಲವೂ ಇಟ್ಟಿಗೆ, ಗೋಡೆಯೂ ಇಟ್ಟಿಗೆ, ಮೇಲಿನ ಕಮಾನೂ ಇಟ್ಟಿಗೆ. ಕಿಟಕಿಗೆ ಚೌಕಟ್ಟಿಲ್ಲ, ಗಾಜನ್ನು ಹೊರಮೈಗೆ ಆನಿಸಿ ಹಿಡಿಸಿರುವುದರಿಂದ ಒಳಗಿದ್ದವರಿಗೆ ಗೋಡೆಯ ಕಂಡಿ ಮತ್ತು ಬೆಳಕು ಮಾತ್ರ ಕಾಣುತ್ತವೆ.

ನಮ್ಮ ಕೆಲಸಕ್ಕೆ ಬಂದಿದ್ದ ಹಿರಿಯ ಗೌಂಡಿಯವರಿಗೆ ಇದನ್ನೆಲ್ಲ ಹೇಳಿದೆ. "ಗಿಲಾವ್ ಇಲ್ಲಂದ್ರ ಗೋಡಿ ಬತ್ತಲೆ ನಿಂತಂಗ ಆಗ್ತೈತಲ್ರೀ ಸಾಹೇಬ್ರ" ಎಂದು ಅವರು ಮುಖ ಸಪ್ಪಗೆ ಮಾಡಿಕೊಂಡರು. ಮಾದರಿಗೆಂದು ಎದೆಯೆತ್ತರದ ಗೋಡೆಯೊಂದನ್ನು ಕಟ್ಟಲು ಕೇಳಿಕೊಂಡೆ. ಮರುದಿನ ಹೋಗಿ ನೋಡಿದರೆ, ಯಾರೂ ಹೇಳದಿದ್ದರೂ, ಮೇಲಿನ ಮೂರು ಸಾಲುಗಳನ್ನು ಅವರೇ ಕೆಡವಿ ಕುಳಿತಿದ್ದರು. ಇಟ್ಟಿಗೆಗಳನ್ನು ತೊಟ್ಟಿಯಲ್ಲಿ ಮುಳುಗಿಸಿ, ನೀರಿನ ಗುಳ್ಳೆ ನಿಲ್ಲುವವರೆಗೆ ಕಾದು, ಒಂದೊಂದನ್ನೇ ತಿರುವಿ ನೋಡಿ, ಸುಟ್ಟ ಬಣ್ಣ ಚೆನ್ನಾಗಿ ಹತ್ತಿದ ಮೈಯನ್ನು ಹೊರಗಿಟ್ಟು ಮತ್ತೆ ಕಟ್ಟಿದರು. ಆಮೇಲೆ ಗಿಲಾವಿನ ಮಾತನ್ನು ಅವರು ಎತ್ತಲಿಲ್ಲ.

ಇನ್ನುಳಿದ ಸಮಯದಲ್ಲಿ ಎರಡೇ ಮಾತು. ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಎದ್ದ ಗುಮ್ಮಟವುಳ್ಳ ಗೋಳಗುಮ್ಮಟದ ಪ್ರತಿಧ್ವನಿಗೆ ನಾವೆಲ್ಲ ಬೆರಗಾಗಿದ್ದೇವೆ, ಆದರೆ ಅಲ್ಲಿ ಶ್ರೀಕೃಷ್ಣ ಪಾರಿಜಾತದಂಥ ಜನಪದ ನಾಟಕದ ಸಂಭಾಷಣೆ ತಿಳಿಯಲಾರದು. ಪ್ರಾರ್ಥನಾಗೀತೆಗೆ ತುಸು ಅನುರಣನ, ಅಂದರೆ ದನಿ ಕೊಂಚ ಹೊತ್ತು ಗುನುಗುತ್ತ ಉಳಿಯುವುದು, ಬೇಕು, ಭವನಕ್ಕೆ ಬೇಡ. ಅದಕ್ಕಾಗಿ ಭವನದ ಹಿಂಗೋಡೆಯಲ್ಲಿ ಇಟ್ಟಿಗೆಗಳ ನಡುವೆ ಕಂಡಿ ಬಿಟ್ಟು, ಹಿಂದೆ ನಾರಿನ ಹಾಸು ಇರಿಸಿ. ಖಾನಾಪುರದ ಮಳೆಗೆ ಬರಿ ಇಟ್ಟಿಗೆ ತಡೆಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ತಡೆಯುತ್ತದೆ. ಪಡುವಣ ಗೋಡೆಯನ್ನು ನಡುವೆ ಪೊಳ್ಳು ಬಿಟ್ಟು ಜೋಡಿಯಾಗಿ ಕಟ್ಟಿ, ಮಾಡಿನ ಸೂರನ್ನು ಮೂರು ಅಡಿ ಮುಂದೆ ಚಾಚಿ, ಗಾರೆ ಗಟ್ಟಿಯಾಗುವ ಮುನ್ನ ಅದೇ ದಿನ ಸಂದುಗಳನ್ನು ಒತ್ತಿ ತೀಡಿಸಿ. ಗಿಲಾವು ಮಾತ್ರ ಬೇಡ.

ನಮಸ್ಕಾರ.